ತಲೆ ಟೇಲರಪ್ಪನಿಗೆ, ಬುಡ ಗೌಡನಿಗೆ

ನಾನು ಒಂದು ಗಾಳದ ಕೋಲು. ಹೀಗೆಂದ ಕೂಡಲೇ ನಿಮ್ಮ ಕಣ್ಣ ಮುಂದೆ ಕೆರೆ ಏರಿಯ ಮೇಲೆ ಎರೆಹುಳದ ಡಬ್ಬಿ ಇಟ್ಟುಕೊಂಡು ತೂಕಡಿಸುವವನೊಬ್ಬ ಬಂದು ಕೂತಿದ್ದರೆ, ದಯವಿಟ್ಟು ಅವನನ್ನು ಎಬ್ಬಿಸಿ ಮನೆಗೆ ಕಳಿಸಿ. ನಾನು ಆ ಪೈಕಿಯಲ್ಲ. ನನ್ನ ಜನ್ಮದಲ್ಲಿ ಎರೆಹುಳ ಮುಟ್ಟಿದ್ದಿಲ್ಲ. ನನ್ನ ದಾರದ ತುದಿಯಲ್ಲಿ ಇರುತ್ತಿದ್ದದ್ದು ಕೋಳಿಪುಕ್ಕವನ್ನೂ ರೇಷ್ಮೆ ಎಳೆಯನ್ನೂ ಸುತ್ತಿ ಕಟ್ಟಿದ ಸುಳ್ಳು ನೊಣ. ಅದನ್ನು ನೀರಿನ ಮೇಲೆ ನಿಜವಾದ ನೊಣದಷ್ಟೇ ಹಗುರವಾಗಿ ಇಳಿಸುವುದು ನನ್ನ ಕಸುಬು. ನಾನು ಓಡಾಡಿದ್ದು ನೀಲಗಿರಿಯ ಮೇಲಿನ, ಬೇಸಿಗೆಯಲ್ಲೂ ಕಾಲು ಮರಗಟ್ಟಿಸುವ ಕೆರೆಗಳಲ್ಲಿ. ಹಿಡಿದದ್ದು ಟ್ರೌಟ್ ಎಂಬ ಮೀನನ್ನು. ಬಿಳಿ ದೊರೆಗಳು ಅದರ ಮೊಟ್ಟೆಗಳನ್ನು ಹಡಗಿನಲ್ಲಿ ತಂದು ಇಲ್ಲಿ ಮರಿ ಮಾಡಿಸಿದರಂತೆ. ದೊರೆಗಳು ಹೋದರು, ಮೀನು ಇಲ್ಲೇ ಉಳಿದು ಕಾಡಿನದಾಯಿತು.

ನಾನು ಹುಟ್ಟಿದ್ದು ಊಟಿಯ ಮಾರ್ಕೆಟ್ ಹಿಂದೆ, ದಸ್ತಗೀರ್ ಸಾಬರ ಕೋವಿ ರಿಪೇರಿ ಅಂಗಡಿಯಲ್ಲಿ. ಸಾಬರು ಮೈಸೂರಿನವರು. ದೊರೆಗಳ ಕಾಲದಲ್ಲಿ ಕೋವಿಯ ಜೊತೆಗೆ ಅವರ ಮುರಿದ ಗಾಳದ ಕೋಲುಗಳನ್ನೂ ಸರಿಮಾಡಿಕೊಡುತ್ತಿದ್ದರು. ಬೇರೆಯವರ ಮಕ್ಕಳಿಗೇ ಎಷ್ಟು ದಿನ ಮದ್ದು ಹಚ್ಚುವುದು, ನನ್ನದೂ ಒಂದಿರಲಿ ಎಂದು ಅವರಿಗೆ ಅನ್ನಿಸಿತಂತೆ. ಗುಂಡ್ಲುಪೇಟೆ ಕಡೆಯ ಕಾಡಿನಿಂದ ಬಂದ ಗಟ್ಟಿ ಬಿದಿರನ್ನು ಸೀಳಿ, ಕೆಂಡದ ಮೇಲೆ ಕಾಯಿಸಿ, ಆರು ಸೀಳುಗಳನ್ನು ಒಂದಕ್ಕೊಂದು ಅಂಟಿಸಿ, ಕೊಳ್ಳೇಗಾಲದ ರೇಷ್ಮೆ ದಾರ ಸುತ್ತಿ ನನ್ನನ್ನು ಮಾಡಿದರು. ನನಗೆ ಎರಡು ತುಂಡು. ಕೆಳಗೆ ಹಿಡಿ, ರೀಲು ಇರುವ ಬುಡ. ಮೇಲೆ ಬಳುಕುವ ತಲೆ. ನಡುವೆ ಒಂದರೊಳಗೊಂದು ಕೂರುವ ಹಿತ್ತಾಳೆಯ ಕೊಳವೆ. ವಾರ್ನಿಷ್ ಒಣಗಿದ ದಿನ ಸಾಬರು ನನ್ನನ್ನು ಬೀದಿಗೆ ತಂದು ಒಮ್ಮೆ ಬೀಸಿದರು. ಸುಂಯ್ ಎಂದೆ. ಅದು ನನ್ನ ಮೊದಲ ಮಾತು. ಸಾಬರು "ಮಾಷಾ ಅಲ್ಲಾ" ಎಂದರು. ಹೊಗಳಿಕೆ ಎಂದರೆ ನನಗೆ ಅಂದಿನಿಂದಲೂ ವಸಿ ಇಷ್ಟವೇ.

ನನ್ನನ್ನು ಕೊಂಡವರು ಇಬ್ಬರು. ಒಬ್ಬನಿಗೆ ಕೈಗೆಟುಕದ ಬೆಲೆ, ಹಾಗಾಗಿ ಸೇರಿ ಕೊಂಡರು. ಇಬ್ಬರೂ ಗುಂಡ್ಲುಪೇಟೆ ಕಡೆಯ ಹಳ್ಳಿಗಳಿಂದ ಹೊಟ್ಟೆಪಾಡಿಗೆ ಘಟ್ಟ ಹತ್ತಿ ಬಂದವರು, ಒಂದೇ ಬೀದಿಯಲ್ಲಿ ಎದುರುಬದುರು ಮನೆ. ಒಬ್ಬ ಈರೇಗೌಡ. ಊಟಿಯ ಕ್ಯಾರೆಟ್ಟು, ಕೋಸು ಹೇರಿಕೊಂಡು ಮೈಸೂರಿಗೆ ಲಾರಿ ಓಡಿಸುವವನು. ಅವನು ಗುಟ್ಟು ಹೇಳಿದರೆ ಮುಂದಿನ ಬೀದಿಗೆ ಕೇಳಿಸುತ್ತಿತ್ತು. ಇನ್ನೊಬ್ಬ ಗುರುಮಲ್ಲಪ್ಪ, ಟೇಲರು, ಗೌಡನ ಬಾಯಲ್ಲಿ ಟೇಲರಪ್ಪ. ಸಣಕಲು, ಮೆಲುಮಾತಿನವನು, ಹಣೆ ತುಂಬ ವಿಭೂತಿ. ಲಿಂಗಾಯತರ ಮನೆಯವನಾದ್ದರಿಂದ ಮೀನಿರಲಿ, ಮೊಟ್ಟೆಯನ್ನೂ ಬಾಯಿಗಿಟ್ಟವನಲ್ಲ. ಮೀನು ತಿನ್ನದವನಿಗೆ ಮೀನು ಹಿಡಿಯುವ ಹುಚ್ಚು ಯಾಕೆ ಹಿಡಿಯಿತು ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು.

"ಅದು ನೀರೊಳಗಿಂದ ಎದ್ದು ಬರೋದ ನೋಡ್ಬೇಕು ಕಣಯ್ಯ," ಎನ್ನುತ್ತಿದ್ದ ಅವನು. "ತಿನ್ನೋದೇನ್ ಬಂತು, ಮಣ್ಣು."

ಸುಳ್ಳು ನೊಣ ಕಟ್ಟುವುದು ಅವನ ಕೈ. ಗೌಡನ ಹಿತ್ತಲ ಕೆಂಪು ಹುಂಜದ ಕತ್ತಿನ ಪುಕ್ಕ, ರವಿಕೆ ಹೊಲಿದು ಉಳಿದ ಜರಿ ಎಳೆ, ಕಂಬಳಿಯ ಉಣ್ಣೆ ಇಷ್ಟೇ ಸಾಮಾನು. ಅವನ ಹೆಂಡತಿ ಪಾರ್ವತಮ್ಮ ಕೋಳಿಪುಕ್ಕ ಹೊಸ್ತಿಲು ದಾಟಕೂಡದು ಎಂದು ಕಟ್ಟಪ್ಪಣೆ ಮಾಡಿದ್ದಳು. ಹಾಗಾಗಿ ಅಂಗಡಿಯಲ್ಲೇ, ಹೊಲಿಗೆ ಮಿಷನ್ನಿನ ಮೇಲೆ ಬಗ್ಗಿ ಕಟ್ಟುತ್ತಿದ್ದ. ಗೌಡ ಎದುರಿಗೆ ಕೂತು, "ಹುಂಜ ನಂದು, ಹೆಸ್ರು ನಿಂದು. ಎಂಥಾ ಕಾಲ ಬಂತಪ್ಪ!" ಎಂದು ಚಾ ಕುಡಿಯುತ್ತಿದ್ದ.

ತಿಂಗಳಿಗೊಂದು ಭಾನುವಾರ ನಮ್ಮ ಸವಾರಿ ಹೊರಡುತ್ತಿತ್ತು. ಲಾರಿ ಹೋಗುವಷ್ಟು ದೂರ ಲಾರಿಯಲ್ಲಿ, ಆಮೇಲೆ ನಡಿಗೆ. ಹುಲ್ಲಿನ ಗುಡ್ಡ ಹತ್ತಿ, ಕಣಿವೆಯ ಶೋಲಾ ಕಾಡಿನೊಳಗೆ ಇಳಿದು, ಮತ್ತೆ ಗುಡ್ಡ ಹತ್ತಿ. ದಾರಿಯಲ್ಲಿ ಬೆಟ್ಟದ ತೋಡ ಜನರ ಎಮ್ಮೆಗಳು ತಲೆ ಎತ್ತಿ ನಮ್ಮನ್ನು ನೋಡುತ್ತಿದ್ದವು. ಮಂಜು ಒಮ್ಮೊಮ್ಮೆ ಎಷ್ಟು ದಟ್ಟವಾಗಿ ಬರುತ್ತಿತ್ತೆಂದರೆ ಮುಂದೆ ಹೋದ ಗೌಡ ಕಾಣುತ್ತಿರಲಿಲ್ಲ, ಅವನ ಹಾಡು ಮಾತ್ರ ಕೇಳುತ್ತಿತ್ತು. ಹಾಡಿಗಿಂತ ಮಂಜೇ ವಾಸಿ. ಮೂರನೆಯ ಗುಡ್ಡದ ನೆತ್ತಿ ದಾಟಿದರೆ ಕೆಳಗೆ ನಮ್ಮ ಕೆರೆ. ಎಮ್ಮೆಗಳು ನೀರಿಗೆ ಬರುತ್ತಿದ್ದುದರಿಂದ ಇವರಿಬ್ಬರೂ ಅದನ್ನು ಎಮ್ಮೆಕೆರೆ ಎನ್ನುತ್ತಿದ್ದರು. ಬೆಳಗಿನ ಹೊತ್ತು ಆ ನೀರಿನ ಮೇಲೆ ಹೊಗೆಯಾಡುತ್ತಿತ್ತು. ಅಲ್ಲಲ್ಲಿ ಸದ್ದಿಲ್ಲದೆ ಉಂಗುರ ಏಳುತ್ತಿತ್ತು, ಮೀನು ಮೇಲೆ ಬಂದು ನೊಣ ನುಂಗಿದ ಗುರುತು. ಅದನ್ನು ನೋಡಿದರೆ ನನ್ನ ಮೈಯ ಆರು ಸೀಳೂ ಜುಮ್ಮೆನ್ನುತ್ತಿದ್ದವು. ಈಗ ನೆನೆಸಿಕೊಂಡರೂ ಜುಮ್ಮೆನ್ನುತ್ತವೆ.

ಅವರಿಬ್ಬರಲ್ಲಿ ಒಂದು ಕಾನೂನಿತ್ತು. ಒಂದು ಮೀನು ಕಚ್ಚುವವರೆಗೆ ನಾನು ಒಬ್ಬನ ಕೈಯಲ್ಲಿ. ಮೀನು ದಡಕ್ಕೆ ಬರಲಿ, ತಪ್ಪಿಸಿಕೊಳ್ಳಲಿ, ಅಲ್ಲಿಗೆ ಅವನ ಸರದಿ ಮುಗಿಯಿತು. ನಾನು ಇನ್ನೊಬ್ಬನ ಕೈಗೆ. ಗುರುಮಲ್ಲಪ್ಪ ಹಿಡಿದದ್ದೂ ಗೌಡನ ಚೀಲಕ್ಕೇ ಹೋಗುತ್ತಿತ್ತು. ಗೌಡ ಅಲ್ಲೇ ಕೆಂಡ ಮಾಡಿ, ಉಪ್ಪುಕಾರ ಸವರಿ ಒಂದೆರಡನ್ನು ಸುಡುತ್ತಿದ್ದ. ಗುರುಮಲ್ಲಪ್ಪ ಗಾಳಿ ಬರುವ ದಿಕ್ಕಿಗೆ ದೂರ ಹೋಗಿ, ಬೆನ್ನು ತಿರುಗಿಸಿ ಕೂತು ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ತಿನ್ನುತ್ತಿದ್ದ. ಇಬ್ಬರೂ ಬೆನ್ನಿಗೆ ಬೆನ್ನು ಹಾಕಿಕೊಂಡೇ ಗಂಟಲು ಹರಿಯುವಂತೆ ಹರಟುತ್ತಿದ್ದರು. ನನ್ನ ಬದುಕಿನ ಚಿನ್ನದ ಕಾಲ ಯಾವುದು ಎಂದು ಕೇಳಿದರೆ ಅದೇ. ಹುಲ್ಲಿನ ಮೇಲೆ ಮಲಗಿ ಬಿಸಿಲು ಕಾಯಿಸುತ್ತ ಆ ಹರಟೆ ಕೇಳುತ್ತಿದ್ದೆ.

ಎಮ್ಮೆಕೆರೆಯಲ್ಲಿ ಒಂದು ಹಳೆಯ ಮೀನಿತ್ತು. ಹೆಣ್ಣು. ಇಬ್ಬರೂ ಅವಳನ್ನು 'ದೊಡ್ಡವಳು' ಎನ್ನುತ್ತಿದ್ದರು. ಆಚೆ ದಡದ ಬಂಡೆಯ ನೆರಳಲ್ಲಿ ವಾಸ. ಎಷ್ಟೋ ಸಲ ನಮ್ಮ ನೊಣದ ಹತ್ತಿರ ಬಂದು, ಮೂಸಿ, ಹಿಂದಕ್ಕೆ ಹೋಗಿದ್ದಳು. ಅವಳು ಹಾಗೆ ಹೋದ ದಿನ ಗೌಡ ಬೈಯುತ್ತಿದ್ದ, ಗುರುಮಲ್ಲಪ್ಪ ನಗುತ್ತಿದ್ದ.

ಗೌಡನ ಮಗಳು ಚೆನ್ನಾಜಿಗೆ ಗುಂಡ್ಲುಪೇಟೆಯಲ್ಲಿ ಗಂಡು ಗೊತ್ತಾಯಿತು. ಒಳ್ಳೆಯ ಮನೆತನ, ಸ್ವಲ್ಪ ಜಂಬದ ಜನ. ಬೀಗರು ತಮ್ಮ ಊರ ಕೆರೆಯ ಮೀನಿನ ವರ್ಣನೆ ಮಾಡುತ್ತ ಮಾಡುತ್ತ ಗೌಡನನ್ನು ಕೆಣಕಿದರು. ಗೌಡ ಸುಮ್ಮನಿರುವವನೇ? ನಿಶ್ಚಿತಾರ್ಥದ ದಿನ ತುಂಬಿದ ಚಪ್ಪರದಲ್ಲಿ ಎದ್ದು ನಿಂತ. "ಬೀಗ್ರೇ, ನಿಮ್ ಕೆರೆ ಮೀನು ಬುಡಿ. ಬೀಗರೂಟದ ದಿನ ಎಮ್ಮೆಕೆರೆ ದೊಡ್ಡವಳ್ನ ನಿಮ್ಮ ಎಲೆಗೆ ಬಡಿಸ್ತೀನಿ. ಬಡಿಸ್ದೆ ಹೋದ್ರೆ ನನ್ ಹೆಸ್ರು ಈರೇಗೌಡನೇ ಅಲ್ಲ!"

ಮದುವೆಯಾದ ಮೇಲೆ ಗಂಡಿನ ಕಡೆಯವರಿಗೆ ಮಾಂಸದಡುಗೆ ಮಾಡಿ ಹಾಕುವ ಬೀಗರೂಟ ನಮ್ಮ ಕಡೆ ಎಂಥ ಪ್ರತಿಷ್ಠೆಯ ಊಟವೆಂದು ಬಿಡಿಸಿ ಹೇಳಬೇಕಿಲ್ಲ. ಧಾರೆಯಲ್ಲಿ ಹೆಚ್ಚುಕಮ್ಮಿಯಾದರೆ ಮರೆಯುತ್ತಾರೆ. ಬೀಗರೂಟದಲ್ಲಿ ಒಂದು ತುಂಡು ಕಡಿಮೆ ಬಿದ್ದರೆ ಮೊಮ್ಮಕ್ಕಳ ಕಾಲದವರೆಗೆ ಹೇಳುತ್ತಾರೆ.

ಈ ಕಡೆ ಟೇಲರಪ್ಪನ ಮನೆಯಲ್ಲಿ ಇನ್ನೊಂದು ಸಂಗತಿ ನಡೆದಿತ್ತು. ಪಾರ್ವತಮ್ಮ ಬಸುರಿ. ಹಿಂದೆ ಮೂರು ಸಲ ನಿಂತು ಮೂರು ಸಲವೂ ಹೋಗಿತ್ತು. ಈ ಸಲ ಏಳು ತಿಂಗಳು ತುಂಬುವವರೆಗೆ ಯಾರಿಗೂ ಹೇಳುವುದು ಬೇಡ, ದೃಷ್ಟಿಯಾಗುತ್ತದೆ ಎಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರು. ಪ್ರಾಣದ ಗೆಳೆಯನಿಗೂ ಹೇಳಿರಲಿಲ್ಲ. ನನಗೆ ಗೊತ್ತಿತ್ತು, ಏಕೆಂದರೆ ನೊಣ ಕಟ್ಟುವಾಗ ಅವನಿಗೆ ತನ್ನಷ್ಟಕ್ಕೆ ತಾನೇ ಮಾತಾಡುವ ಅಭ್ಯಾಸ. "ಬಸುರಿಯ ಗಂಡ ಜೀವ ತೆಗೀಬಾರ್ದು ಅಂತಿದ್ಲು ನಮ್ಮವ್ವ. ಗೌಡ ಕರೀತಾವ್ನೆ. ಹೋಗ್ಲೋ ಬೇಡ್ವೋ?" ಎಂದು ನನ್ನನ್ನೇ ಕೇಳುತ್ತಿದ್ದ. ನಾನೇನು ಹೇಳಲಿ, ಕೋಲು. ಕೊನೆಗೆ ಅವನೇ, ತಾನು ಕೋಲು ಹಿಡಿದುಕೊಂಡು ನಿಲ್ಲುವುದಷ್ಟೇ, ದೊಡ್ಡವಳು ಗೌಡನ ಸರದಿಯಲ್ಲೇ ಕಚ್ಚಲಪ್ಪ ಎಂದು ಮಲೆ ಮಾದಪ್ಪನಿಗೆ ಹರಸಿಕೊಂಡು ಹೊರಟ.

ಮದುವೆ ಮುಗಿದ ಮರುದಿನ ಅದು. ಮಾರನೆಯ ದಿನ ಬೀಗರೂಟ. ಹುಲ್ಲಿನ ಮೇಲೆಲ್ಲ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಿತ್ತು. ಮೊದಲ ಸರದಿ ಗೌಡನದು. ಅವಸರ ಅವನಿಗೆ, ಹಿಂದೆ ಹೋದ ದಾರ ನೆಟ್ಟಗಾಗುವ ಮೊದಲೇ ಮುಂದೆ ಬೀಸುತ್ತಿದ್ದ. ನನ್ನ ಬೆನ್ನು ನೋಯುವಂತೆ ಬೀಸಿದ. ಒಂದು ಅಂಗೈಯುದ್ದದ ಮರಿ ಕಚ್ಚಿತು, ಬಿಡಿಸಿಕೊಂಡು ಹೋಯಿತು. ಸರದಿ ಮುಗಿಯಿತು.

"ಇವತ್ತು ನಿಂದೇ ದಿನ ಗೌಡ, ನೀನೇ ಹಿಡ್ಕೋ," ಎಂದ ಗುರುಮಲ್ಲಪ್ಪ.

"ಹೇ ಹೇ, ಕಾನೂನು ಅಂದ್ರೆ ಕಾನೂನು. ನಾಳೆ ನೀನು ಆಡ್ಕಬಾರ್ದು. ಬೀಸಯ್ಯ, ನಾನು ಬಲೆ ತಕ್ಕಂಡು ಆಚೆ ದಡಕ್ ಹೋಯ್ತೀನಿ."

ಗುರುಮಲ್ಲಪ್ಪ ಬೀಸಿದ. ಅವನ ಕೈ ಹೊಲಿಗೆಯ ಕೈ, ಮೆತ್ತಗೆ. ನೊಣ ಬಂಡೆಯ ನೆರಳಿನ ಅಂಚಿಗೆ ಇಳಿಯಿತು. ದೊಡ್ಡವಳು ಮೂಸಲಿಲ್ಲ, ಯೋಚಿಸಲಿಲ್ಲ. ಬಾಯಿ ತೆರೆದು ನುಂಗಿಬಿಟ್ಟಳು. ನನ್ನ ತಲೆ ನೀರು ಮುಟ್ಟುವಂತೆ ಬಾಗಿತು. ಅಂಥ ಎಳೆತವನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಅಯ್ಯಯ್ಯೋ, ಮುರಿದೆ ಎಂದುಕೊಂಡೆ; ಮುರಿಯಲಿಲ್ಲ. ಆಚೆ ದಡದಿಂದ ಗೌಡ ಕುಣಿಯುತ್ತ, ಜಾರುತ್ತ, ಬಲೆ ಎತ್ತಿಕೊಂಡು ಕೆರೆ ಸುತ್ತಿ ಓಡಿಬರುತ್ತಿದ್ದ. "ಬಿಗಿ ಹಿಡ್ಕೋ ಟೇಲರಪ್ಪಾ! ಸಡ್ಲ ಬುಡಬ್ಯಾಡ!"

ಅವನು ಬರುವ ಮೊದಲೇ ದೊಡ್ಡವಳು ಸೋತು ಮಗ್ಗುಲಾಗಿ ದಡಕ್ಕೆ ಬಂದಳು. ಗುರುಮಲ್ಲಪ್ಪ ಮೊಣಕಾಲೂರಿ ನೀರಿನಲ್ಲಿ ಕೂತು ಎರಡೂ ಕೈಯಲ್ಲಿ ಅವಳನ್ನು ಹಿಡಿದ. ಹೊಟ್ಟೆ ಬಿಗಿದುಕೊಂಡಿತ್ತು. ಹಿಡಿದ ಬಿಗಿಗೆ ಅವನ ಅಂಗೈ ಮೇಲೆ ಎರಡು ಮೊಟ್ಟೆ ಉದುರಿದವು, ಹವಳದ ಮಣಿಯಂಥವು. ಅವನು ಕೊಕ್ಕೆ ಬಿಡಿಸಿದ. ಅವಳ ಮೂತಿಯನ್ನು ಕೆರೆಯ ಕಡೆ ತಿರುಗಿಸಿ, ಉಸಿರು ಬರುವವರೆಗೆ ಹಿಡಿದಿದ್ದು, ಬಿಟ್ಟುಬಿಟ್ಟ.

ಗೌಡ ಬಂದು ನಿಂತ. ಏದುಸಿರು. ಕೈಯಲ್ಲಿ ಖಾಲಿ ಬಲೆ.

"ಏನಯ್ಯಾ ಮಾಡ್ದೆ?"

"ಬಸ್ರಿ ಮೀನು, ಗೌಡ. ಕೈ ಬರ್ಲಿಲ್ಲ."

"ಕೈ ಬರ್ಲಿಲ್ವಾ? ನಾಳೆ ಬೀಗ್ರ ಮುಂದೆ ಯಾವ ಮೊಕ ಮಡಿಕಂಡು ನಿಂತ್ಕಳ್ಳಯ್ಯ ನಾನು?"

"ನಾನೇ ಬಂದು ಹೇಳ್ತೀನಿ. ತಪ್ಪು ನಂದು ಅಂತ ಕೈ ಮುಗೀತೀನಿ."

"ನೀನೇನ್ ಹೇಳೀಯೆ?" ಗೌಡನ ಧ್ವನಿ ಗುಡ್ಡಕ್ಕೆ ಬಡಿದು ತಿರುಗಿ ಬಂತು. "ಮಕ್ಳಿಲ್ದೋನು ನೀನು! ಹೆಣ್ಣೆತ್ತೋನ ಸಂಕ್ಟ ನಿನಗೇನ್ ಗೊತ್ತಾದದು?"

ಗುರುಮಲ್ಲಪ್ಪ ಬಾಯಿ ತೆರೆಯಲಿಲ್ಲ. ತೆರೆಯಬಹುದಿತ್ತು. ನನ್ನ ಹೆಂಡತಿ ಬಸುರಿ ಎಂದು ಒಂದು ಮಾತು ಹೇಳಿದ್ದರೆ ಗೌಡ ಅಲ್ಲೇ ಅವನ ಕಾಲಿಗೆ ಬೀಳುತ್ತಿದ್ದ. ಆ ಗೌಡನನ್ನು ನಾನು ಬಲ್ಲೆ. ಬಾಯಿ ಕೆಟ್ಟದ್ದು, ಹೊಟ್ಟೆ ಅಲ್ಲ. ಆದರೆ ಆ ಮಾತು ಕೇಳಿದ ಮೇಲೆ ಹೇಳುವುದಕ್ಕೆ ಟೇಲರಪ್ಪನಿಗೂ ಮನಸ್ಸಾಗಲಿಲ್ಲ. ಅವನು ರೀಲು ಸುತ್ತಿ, ನನ್ನನ್ನು ಬಿಡಿಸಿ, ಚೀಲಕ್ಕೆ ಹಾಕಿದ. ಮೂರು ಗುಡ್ಡವನ್ನೂ ಗೌಡ ಹಾಡದೆ ಹತ್ತಿಳಿದದ್ದು ಅದೇ ಮೊದಲು.

ಬೀಗರೂಟಕ್ಕೆ ಕುರಿ ಕಡಿದಿದ್ದರು, ಕೋಳಿಯೂ ಇತ್ತು. ಯಾರಿಗೂ ಕಡಿಮೆಯಾಗಲಿಲ್ಲ. ಆದರೂ ಬೀಗರು ಎಲೆಯ ಮುಂದೆ ಕೂತು, ಮೀಸೆ ತಿರುವಿ, "ಮೀನೆಲ್ಲಿ ಬೀಗ್ರೇ? ಇಲ್ಲಾ ಹೆಸ್ರು ಬದ್ಲಾಯಿಸ್ಕಂಡ್ರಾ?" ಎಂದರು. ಪಂಕ್ತಿಯೆಲ್ಲ ನಕ್ಕಿತು. ಗೌಡನೂ ನಕ್ಕ. ಎದುರಿನ ಟೇಲರ್ ಅಂಗಡಿಯಿಂದ ಆ ನಗು ನೋಡಿ ನನಗೆ ಅಳು ಬಂತು.

ಮಾರನೆಯ ವಾರ ಹಿಸ್ಸೆ ಮಾತು ಎದ್ದಿತು. ಹೊಲ ಹಿಸ್ಸೆಯಾಗುವುದು, ಮನೆ ಹಿಸ್ಸೆಯಾಗುವುದು ಕೇಳಿದ್ದೀರಿ. ಗಾಳದ ಕೋಲು ಹಿಸ್ಸೆಯಾಗಿದ್ದು ಕೇಳಿದ್ದೀರಾ? ಇಬ್ಬರೂ ಸೇರಿ ಕೊಂಡದ್ದಲ್ಲವೇ, ಒಬ್ಬನ ಹತ್ತಿರ ಇರಕೂಡದು ಎಂದ ಗೌಡ. ಆಗಲಿ ಎಂದ ಟೇಲರಪ್ಪ. ದಸ್ತಗೀರ್ ಸಾಬರ ಅಂಗಡಿಗೇ ಪಂಚಾಯಿತಿ ಹೋಯಿತು. ಇನ್ನೊಂದು ಕೋಲು ಮಾಡಿಕೊಡುತ್ತೇನೆ, ಒಬ್ಬರು ಇದನ್ನಿಟ್ಟುಕೊಳ್ಳಿ, ಒಬ್ಬರು ಅದನ್ನು ಎಂದು ಸಾಬರು ಗಡ್ಡ ಹಿಡಿದು ಕೇಳಿಕೊಂಡರು. ಇಬ್ಬರಿಗೂ ನಾನೇ ಬೇಕು, ಇಬ್ಬರಿಗೂ ಬಿಡಲು ಮನಸ್ಸಿಲ್ಲ. ಎಷ್ಟು ಹೆಮ್ಮೆಪಡಬೇಕಾದ ವಿಷಯ, ನೋಡಿ! ಆದರೆ ಆ ದಿನ ಹೆಮ್ಮೆಯಾಗಲಿಲ್ಲ. ಕಟ್ಟಿದ ಕೈಯಿಂದಲೇ ಸಾಬರು ನನ್ನನ್ನು ಎರಡಾಗಿ ಎಳೆದರು. "ತಲೆ ಟೇಲರಪ್ಪಂಗೆ, ಬುಡ ಗೌಡಂಗೆ. ಹೋಗ್ರಪ್ಪ, ಇಬ್ರೂ ಮೀನು ಹಿಡಿದ್ರಿ ಇನ್ನು," ಎಂದು ಮುಖ ತಿರುಗಿಸಿದರು.

ಅಂದಿನಿಂದ ನಾನು ಎರಡು ಮನೆಯ ಸಂಸಾರಿ. 'ನಾನು' ಎನ್ನುವುದು ಯಾವ ತುಂಡಿನಲ್ಲಿ ಉಳಿಯಿತು ಎಂದು ಕೇಳುತ್ತೀರೇನೋ. ಬುಡದಲ್ಲಿ. ಅಂಗೈ ಬೆವರು ಕುಡಿದದ್ದು ಹಿಡಿಯಲ್ಲವೇ. ಗೌಡನ ಪಡಸಾಲೆಯ ಗೋಡೆಯ ಮೊಳೆಗೆ ನೇತುಬಿದ್ದೆ. ಒಮ್ಮೆ ಅವನ ಹೆಂಡತಿ ಕಾಳಿಗೆ ಬಾಯಿಟ್ಟ ಕೋಳಿಯನ್ನು ಓಡಿಸಲು ನನ್ನನ್ನು ಎತ್ತಿಕೊಂಡಳು. ಗೌಡ ಹಾರಿಬಂದು ಕಿತ್ತುಕೊಂಡ. "ಅದು ಕೋಳಿ ಅಟ್ಟೋ ಕೋಲಲ್ಲ ಕಣೇ!" ಎಂದು ಕೂಗಾಡಿದ. ಬಟ್ಟೆಯಲ್ಲಿ ಒರೆಸಿ, ಹಿತ್ತಾಳೆಗೆ ಕೊಬ್ಬರಿ ಎಣ್ಣೆ ಸವರಿ ಮತ್ತೆ ಮೊಳೆಗೆ ಹಾಕಿದ. ತಲೆಯಿಲ್ಲದ ಕೋಲಿಗೆ ಇಷ್ಟು ಉಪಚಾರ ಯಾಕೆ ಎಂದು ಅವಳು ಕೇಳಲಿಲ್ಲ. ಅವಳಿಗೆ ಗೊತ್ತಿತ್ತು.

ಫಾಲ್ಗುಣದಲ್ಲಿ ಎದುರು ಮನೆಯಲ್ಲಿ ಮಗು ಅತ್ತಿತು. ಹೆಣ್ಣು ಮಗು. ಗೌಡನ ಹೆಂಡತಿ ಬಾಣಂತಿಗೆ ಬೆಳ್ಳುಳ್ಳಿ, ಬೆಲ್ಲ ಕಟ್ಟಿಕೊಂಡು ಹೋಗಿ ಬಂದು ತಿಂಗಳ ಲೆಕ್ಕ ಹೇಳಿದಳು. ಗೌಡ ಕಿಟಕಿಯ ಹತ್ತಿರ ನಿಂತಿದ್ದ. ಬೆರಳು ಮಡಿಚಿ ಎಣಿಸಿದ. ಎಮ್ಮೆಕೆರೆಯ ದಿನ ಬಂದಾಗ ಬೆರಳು ನಿಂತವು. "ಥೂ, ನನ್ ನಾಲ್ಗೆಗೆ ಬೆಂಕಿ ಬೀಳ," ಎಂದು ಗೋಡೆಗೆ ಹಣೆ ಇಟ್ಟ.

ಹೋಗಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾಮಕರಣಕ್ಕೆ ಎದುರು ಮನೆಯಿಂದ ಕರೆಯೂ ಬಂತು. ಪಂಚೆ ಉಟ್ಟು, ಶಾಲು ಹೊದ್ದು, ಬಾಗಿಲವರೆಗೆ ಹೋಗಿ ಹಿಂದೆ ಬಂದ. ಘಟ್ಟದ ತಿರುವಿನಲ್ಲಿ ಆನೆ ಎದುರಾದರೂ ಲಾರಿ ನಿಲ್ಲಿಸಿ ಬೀಡಿ ಹಚ್ಚುವ ಗಂಡಸು, ಆ ಕೂಸಿನ ಕಣ್ಣಿಗೆ ಬೀಳಲು ಹೆದರಿದ. ಅವನು ಬರಲಿಲ್ಲವೆಂದು ಟೇಲರಪ್ಪನಿಗೆ ಮತ್ತೂ ನೋವಾಯಿತು. ಕೂಸಿಗೆ ಗಂಗಾಂಬಿಕೆ ಎಂದು ಹೆಸರಿಟ್ಟರು. ಗಂಗಾ ಬೆಳೆದು ಸ್ಲೇಟು ಹಿಡಿದು ಬೀದಿಯಲ್ಲಿ ಹೋಗುವಾಗ ಗೌಡ ಬಾಗಿಲ ಮರೆಗೆ ಸರಿದು ನಿಲ್ಲುತ್ತಿದ್ದ. ಅವಳು ಮರೆಯಾಗುವವರೆಗೆ ನೋಡುತ್ತಿದ್ದ.

ವರ್ಷಗಳು ಹೀಗೇ ಹೋದವು. ಗೌಡ ಒಮ್ಮೆ ಫೈಬರಿನ ಕೋಲೊಂದನ್ನು ತಂದ. ಹೊಳೆಯುವ ಹಸಿರು ಬಣ್ಣ, ಜೀವವಿಲ್ಲದ ಸೊಂಟ. ನನ್ನ ಪಕ್ಕದ ಮೊಳೆಗೇ ಹಾಕಿದ್ದ, ನಾನು ಮಾತಾಡಿಸಲಿಲ್ಲ. ಅದನ್ನು ಹಿಡಿದು ಒಬ್ಬನೇ ಎಮ್ಮೆಕೆರೆಗೆ ಹೋದ. ಸಂಜೆಗೆ ಖಾಲಿ ಚೀಲದಲ್ಲಿ ಬಂದ. ಒಂದೂ ಬೀಳಲಿಲ್ಲವೇ ಎಂದು ಹೆಂಡತಿ ಕೇಳಿದಳು. "ಬಿತ್ತು. ನೋಡೋರು ಯಾರೂ ಇರ್ಲಿಲ್ಲ, ಬುಟ್ಬುಟ್ಟೆ," ಎಂದ. ಅದರ ಮೇಲೆ ಅವನು ಗುಡ್ಡ ಹತ್ತಲಿಲ್ಲ.

ಆಮೇಲೆ ಸಕ್ಕರೆ ಕಾಯಿಲೆ ಬಂತು, ಲಾರಿ ಹೋಯಿತು, ಕಣ್ಣು ಮಸುಕಾಯಿತು. ಹೆಂಡತಿ ತೀರಿಕೊಂಡಳು. ಕಣ್ಣು ಪೂರ್ತಿ ಹೋದ ವರ್ಷ ಚೆನ್ನಾಜಿ ಅಪ್ಪನನ್ನು ನೋಡಿಕೊಳ್ಳಲು ಗುಂಡ್ಲುಪೇಟೆಯಿಂದ ಬಂದು ನಿಂತಳು. ಅವಳ ತಲೆಯಲ್ಲೂ ಬಿಳಿ ಕೂದಲು ಬಂದಿತ್ತು. ಬಂದ ವಾರದಲ್ಲೇ, ಅಪ್ಪ ಗೋಡೆ ತಡಕಿಕೊಂಡು ಬಂದು ನನ್ನ ಹಿಡಿಯ ಮೇಲೆ ಕೈಯಿಟ್ಟು ಸುಮ್ಮನೆ ನಿಲ್ಲುವುದನ್ನು ಕಂಡಳು. ಅಪ್ಪ ಮಲಗಿದ ಮಧ್ಯಾಹ್ನ ನನ್ನನ್ನು ಮೊಳೆಯಿಂದ ಇಳಿಸಿ ಸೆರಗಿನಲ್ಲಿ ಸುತ್ತಿಕೊಂಡು, ಬೀದಿ ದಾಟಿ, ಟೇಲರ್ ಅಂಗಡಿಗೆ ನುಗ್ಗಿದಳು.

ಗುರುಮಲ್ಲಪ್ಪ ದಪ್ಪ ಕನ್ನಡಕ ಹಾಕಿಕೊಂಡು ಗುಂಡಿ ಹಚ್ಚುತ್ತಿದ್ದ. ಮಿಷನ್ನಿನ ಮೇಲುಗಡೆ, ಎರಡು ಮೊಳೆಗಳ ಮೇಲೆ, ಬಿಳಿ ಬಟ್ಟೆಯ ಹೊದಿಕೆಯಲ್ಲಿ ನನ್ನ ತಲೆ ಮಲಗಿತ್ತು.

"ಇದ್ರ ತಲೆ ಕೊಡಿ ಚಿಕ್ಕಪ್ಪ," ಎಂದಳು ಚೆನ್ನಾಜಿ.

ಮುದುಕ ಸೂಜಿ ಕೆಳಗಿಟ್ಟ. "ಅವ್ನೇ ಕಳಿಸಿದ್ನಾ?"

"ಅವ್ರು ಕಳಿಸ್ತಾರಾ? ನೀವು ಬತ್ತೀರಾ? ಜಂಬ ಹೊಡೆದಿದ್ದು ನಮ್ಮಪ್ಪ, ಮೀನು ಬುಟ್ಟಿದ್ದು ನೀವು. 'ಮೀನೆಲ್ಲಿ, ಮೀನೆಲ್ಲಿ' ಅಂತ ಅತ್ತೆ ಮನೇಲಿ ಅನ್ನಿಸ್ಕಂಡಿದ್ದು ನಾನು. ಹಬ್ಬ ಹುಣ್ಣಿಮೆ ಬುಡ್ದೆ ಅನ್ನಿಸ್ಕಂಡಿವ್ನಿ. ನಾನೇ ಮರ್ತಿವ್ನಿ, ನಿಮ್ಮಿಬ್ರಿಗೆ ಏನು ರೋಗ?"

ಗುರುಮಲ್ಲಪ್ಪ ಕನ್ನಡಕ ಒರೆಸಿದ. ಆಮೇಲೆ ಸ್ಟೂಲಿನ ಮೇಲೆ ಹತ್ತಿ ನನ್ನ ತಲೆಯನ್ನು ಇಳಿಸಿಕೊಂಡ.

ಗೌಡ ಎದ್ದು ಜಗಲಿಯ ಮೇಲೆ ಬಿಸಿಲು ಕಾಯಿಸುತ್ತಿದ್ದ. ಹೆಜ್ಜೆ ಸದ್ದಿಗೆ ಮುಖ ಎತ್ತಿ "ಯಾರು?" ಎಂದ. ಟೇಲರಪ್ಪ ಜಗಲಿ ಹತ್ತಿ ಬಂದ. ತಲೆಯ ತುಂಡನ್ನು ಗೌಡನ ಕೈಗಿಟ್ಟ. ಗೌಡನ ಬೆರಳುಗಳು ರೇಷ್ಮೆ ಸುತ್ತುಗಳ ಮೇಲೆ ಒಂದೊಂದಾಗಿ ನಡೆದವು.

"ವಾರ್ನಿಷ್ ಹೊಸ್ದು," ಎಂದ.

"ವರ್ಷವರ್ಷಾನೂ ಬಳೀತೀನಿ," ಎಂದ ಟೇಲರಪ್ಪ.

"ಕೂತ್ಕೋ."

ಅಷ್ಟೇ. ನೀವು ಇನ್ನೇನೋ ನಿರೀಕ್ಷಿಸಿದ್ದಿರಿ. ನಾನೂ ನಿರೀಕ್ಷಿಸಿದ್ದೆ. ಇಬ್ಬರೂ ಒಂದೇ ಜಗಲಿಯಲ್ಲಿ ಕೂತು ಚೆನ್ನಾಜಿ ಮಾಡಿದ ಚಾ ಕುಡಿದರು, ಮಂಡಿನೋವಿನ ಮಾತಾಡಿದರು. ಆ ಹಳೆಯ ಮಾತು ಮಾತ್ರ ಇಬ್ಬರ ನಡುವೆ ಹಾಗೇ ಕೂತಿತ್ತು. ಗೌಡ ನಾಲ್ಕು ಸಲ ಕೆಮ್ಮಿ ಗಂಟಲು ಸರಿಮಾಡಿಕೊಂಡ, ಬಾಯಿಗೆ ಬರಲಿಲ್ಲ.

ಎಮ್ಮೆಕೆರೆಗೆ ಹೋಗಬೇಕು ಎಂದವನು ಗೌಡನೇ. ಕಣ್ಣು ಕಾಣದವನು, ಮಂಡಿ ಬಗ್ಗದವನು ಮೂರು ಗುಡ್ಡ ಹೇಗೆ ಹತ್ತುತ್ತಾರೆ? ಗಂಗಾ ಆಗ ಶಾಲೆಯಲ್ಲಿ ಟೀಚರು, ಹಳೆಯ ಜೀಪೊಂದನ್ನು ಇಟ್ಟಿದ್ದಳು. ರಸ್ತೆ ಎಷ್ಟು ಮೇಲೆ ಹೋಗುತ್ತದೋ ಅಷ್ಟು ಹೋಗೋಣ, ಆಮೇಲೆ ನೋಡೋಣ ಎಂದಳು. ಮೊದಲ ಗುಡ್ಡದ ಬುಡದಲ್ಲೇ ಅರಣ್ಯದವರ ಅಡ್ಡಗಂಬಿ. ಮೇಲಿನ ಕೆರೆಗಳಿಗೆ ಈಗ ಯಾರನ್ನೂ ಬಿಡುವುದಿಲ್ಲ ಎಂದ ಗಾರ್ಡು. ಒಳ್ಳೆಯ ಮನುಷ್ಯ, ಬೇಜಾರು ಮಾಡಿಕೊಂಡೇ ಹೇಳಿದ.

"ಕೆರೆ ಇಲ್ದೆ ಹೋದ್ರೆ ಗಾಳಿನಾದ್ರೂ ಅದೆಯಲ್ಲ," ಎಂದ ಗೌಡ. "ಇಳಿಸವ್ವ ನನ್ನ. ಇಲ್ಲೇ ಬೀಸ್ತೀನಿ."

ರಸ್ತೆ ಪಕ್ಕದ ಹುಲ್ಲುಗಾವಲಿಗೆ ಗಂಗಾ ಅವನ ತೋಳು ಹಿಡಿದು ಇಳಿಸಿದಳು. ಗುರುಮಲ್ಲಪ್ಪ ಸರಾಗ ಕೂರಲೆಂದು ನನ್ನ ಹಿತ್ತಾಳೆಯ ಕೊಳವೆಯನ್ನು ಮೂಗಿನ ಪಕ್ಕೆಯ ಜಿಡ್ಡಿಗೆ ಉಜ್ಜಿ, ತಿರುವಿ ತಿರುವಿ ಕೂರಿಸಿದ. ಅಷ್ಟು ವರ್ಷಗಳ ಮೇಲೆ ನಾನು ಒಂದಾದೆ. ತಲೆಗೂ ಬುಡಕ್ಕೂ ಮೊದಲು ಸ್ವಲ್ಪ ನಾಚಿಕೆಯಾಯಿತು. ಆಮೇಲೆ ಸರಿಹೋಯಿತು.

ಗೌಡ ಬೀಸಿದ. ಕೊಕ್ಕೆಯಿಲ್ಲ, ನೀರಿಲ್ಲ, ಮುಂದೆ ಬರೀ ಹುಲ್ಲು. ಮೊದಲೆರಡು ಸಲ ದಾರ ಅವನ ಟೋಪಿಗೇ ಸುತ್ತಿಕೊಂಡಿತು. ಟೇಲರಪ್ಪ ಹಿಂದೆ ನಿಂತು ಅವನ ಮಣಿಕಟ್ಟಿನ ಮೇಲೆ ಕೈಯಿಟ್ಟ. "ಅವಸ್ರ ಬ್ಯಾಡ. ಹಿಂದಕ್ ಹೋಗ್ಲಿ... ಹೋಗ್ಲಿ... ಈಗ." ದಾರ ಹಿಂದೆ ಹೋಗಿ, ನೆಟ್ಟಗಾಗಿ, ಮುಂದೆ ಬಂದು, ಹುಲ್ಲಿನ ಮೇಲೆ ಮೆತ್ತಗೆ ಇಳಿಯಿತು. ಸುಂಯ್ ಎಂದೆ. ಎಷ್ಟು ಚೆನ್ನಾಗಿ ಅಂದೆ ಎಂದರೆ ಗಾರ್ಡು ಕೂಡ ಎದ್ದು ನಿಂತು ನೋಡಿದ.

"ಬಿತ್ತಾ?" ಎಂದ ಗೌಡ.

"ಬಿತ್ತು. ಬಂಡೆ ನೆಳ್ಳಲ್ಲೇ ಬಿತ್ತು."

"ಉಂಗ್ರ ಎದ್ದದಾ?"

ಗುರುಮಲ್ಲಪ್ಪ ಹುಲ್ಲು ನೋಡಿದ. "ಎದ್ದದೆ ಗೌಡ. ಬತ್ತಾವಳೆ. ದೊಡ್ಡವಳೇ. ಹಿಡ್ಕೋ!"

ಗೌಡ ನನ್ನನ್ನು ಎತ್ತಿ ಹಿಡಿದ. ಎರಡು ಹೆಜ್ಜೆ ಹಿಂದೆ ಸರಿದು, ಎಡಕ್ಕೆ ಬಾಗಿ, ಬಲಕ್ಕೆ ಬಾಗಿ, ಇಲ್ಲದ ಮೀನನ್ನು ಆಡಿಸಿದ. ಮುಖ ಕೆಂಪಾಯಿತು, ಕುರುಡು ಕಣ್ಣಿನಿಂದ ನೀರಿಳಿಯಿತು. ಗಂಗಾ ಅವನು ಬಿದ್ದುಬಿಟ್ಟಾನೆಂದು ಓಡಿಬಂದು ತೋಳು ಹಿಡಿದಳು. ಗೌಡ ಒಂದು ಕೈಯನ್ನು ನನ್ನ ಹಿಡಿಯಿಂದ ತೆಗೆದು ಅವಳ ತಲೆ ತಡಕಿ, ಅದರ ಮೇಲೆ ಇಟ್ಟ. ಇನ್ನೊಂದು ಕೈಯಿಂದ ನನ್ನನ್ನು ಮೆಲ್ಲಗೆ ಕೆಳಗಿಳಿಸಿ ದಾರ ಸಡಿಲ ಬಿಟ್ಟ.

"ಯಾಕೆ ಗೌಡ, ಬುಟ್ಯಾ?"

"ಬುಟ್ಟೆ ಟೇಲರಪ್ಪ," ಎಂದ. "ಬಸ್ರಿ ಇದ್ದಾಳು. ಹೋಗ್ಲಿ."

ಗುರುಮಲ್ಲಪ್ಪ ಹುಲ್ಲಿನ ಮೇಲೆ ಕೂತುಬಿಟ್ಟ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಮಗುವಿನ ಹಾಗೆ ಅತ್ತ. ಗೌಡ ತಡಕುತ್ತ ಬಂದು ಅವನ ಪಕ್ಕ ಕೂತ. ಗಂಗಾಗೆ ಆ ಮಾತಿನ ಅರ್ಥ ಎಷ್ಟು ಆಯಿತೋ ಗೊತ್ತಿಲ್ಲ. ಅವಳು ಇಬ್ಬರಿಗೂ ನೀರು ತಂದುಕೊಟ್ಟಳು.

ಹೊರಡುವಾಗ ನನ್ನನ್ನು ಬಿಡಿಸಲು ಹೋದರು. ಹಿತ್ತಾಳೆ ಕಚ್ಚಿಕೊಂಡಿತ್ತು. ಆಚೆ ಒಬ್ಬ, ಈಚೆ ಒಬ್ಬ ಹಿಡಿದು ಎಳೆದರು, ಬೈದುಕೊಂಡರು. ಬರಲಿಲ್ಲ. ಜೀಪಿನ ಕಿಟಕಿಯಿಂದ ತಲೆ ಹೊರಗೆ ಹಾಕಿಕೊಂಡೇ ಊಟಿಗೆ ಬಂದೆ.

ಗೌಡ ಆ ಮಳೆಗಾಲ ಕಳೆಯಲಿಲ್ಲ. ಟೇಲರಪ್ಪ ಅವನ ಹಿಂದೆಯೇ ಹೋದ. ಈಗ ನಾನು ಗಂಗಾಳ ಮನೆಯ ಪಡಸಾಲೆಯಲ್ಲಿ ಉದ್ದಕ್ಕೆ ಮಲಗಿದ್ದೇನೆ. ಇಷ್ಟುದ್ದದ ನನಗೆ ಬೇರೆ ಮೂಲೆ ಸಿಗಲಿಲ್ಲ. ರೇಷ್ಮೆ ಸುತ್ತು ಬಿಚ್ಚುತ್ತಿದೆ. ವರ್ಷವರ್ಷ ವಾರ್ನಿಷ್ ಬಳಿಯುವವರಿಲ್ಲ. ಅದಕ್ಕೆ ನನಗೆ ಬೇಸರವಿಲ್ಲ, ಬಿದಿರಿಗೂ ಒಂದು ಮುಪ್ಪು ಬೇಕಲ್ಲ. ಹೊಟ್ಟೆ ಉರಿಯುವುದು ನಡುವೆ ಹಾಳಾದ ವರ್ಷಗಳಿಗೆ. ಅಷ್ಟು ಭಾನುವಾರಗಳು, ಅಷ್ಟು ಮಂಜು, ನೀರಿನ ಮೇಲೆ ಅಷ್ಟು ಉಂಗುರ. ಎಲ್ಲವನ್ನೂ ಎದುರುಬದುರು ಬಾಗಿಲು ಹಾಕಿಕೊಂಡು ಕಳೆದುಬಿಟ್ಟರಲ್ಲ, ಮಹಾರಾಯರು! ಒಂದು ಮಾತಿಗೆ ಅಷ್ಟು ವರ್ಷ ತೆಗೆದುಕೊಂಡರು. ಆದರೂ ಕೊನೆಗೆ ಆಡಿದರು, ಅದೂ ನಾನು ಕೈಯಲ್ಲಿರುವಾಗಲೇ ಆಡಿದರು. ಅಷ್ಟು ಸಿಕ್ಕಿತು ನನಗೆ, ಸಾಕು.